ಮಾಲೆ ತೆಗೆದ ಮೇಲೆ ನಾನು ಯಾರು?



ಯುವ ಸ್ವಾಮಿಗಳೇ, ಈ ವಾರದ ಪಾಠ ಒಂದು ಪ್ರಶ್ನೆಯಿಂದ ಶುರು. ಹೋದ ವರ್ಷ ಮಂಡಲ ಕಾಲದಲ್ಲಿ ಭಜನೆ, ಭಿಕ್ಷೆ ಎಲ್ಲ ಮುಗಿದ ಮೇಲೆ ಒಬ್ಬ ಕನ್ನಿಸ್ವಾಮಿ ನನ್ನ ಜೊತೆ ಪಾತ್ರೆ ತೊಳೆಯಲು ಉಳಿದರು. ತೊಳೆಯುತ್ತಲೇ ಹೇಳಿದರು: “ಸ್ವಾಮಿ, ಕೆಲಸ ಹೋಗಿ ಮೂರು ತಿಂಗಳಾಯಿತು. ಊರಲ್ಲಿ ಅಪ್ಪ ಅಮ್ಮನಿಗೆ ಇನ್ನೂ ಹೇಳಿಲ್ಲ. ಮಾಲೆ ಹಾಕಿದಾಗಿನಿಂದ ಎಲ್ಲರೂ ಸ್ವಾಮಿ ಅಂತಾರೆ, ಎಲ್ಲಿ ಕೆಲಸ, ಎಷ್ಟು ಸಂಬಳ ಅಂತ ಯಾರೂ ಕೇಳೋದಿಲ್ಲ. ಮಾಲೆ ತೆಗೆದ ಮೇಲೆ ನಾನು ಯಾರು?”

“ಅಯ್ಯಪ್ಪ ದಾರಿ ತೋರಿಸ್ತಾನೆ ಬಿಡಿ” ಅಂದುಬಿಟ್ಟೆ. ಮಾತು ಸುಳ್ಳಲ್ಲ, ಆದರೆ ಅದು ಉತ್ತರವೂ ಅಲ್ಲ. ಅವತ್ತು ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶಬರಿಮಲೆಯಲ್ಲಿ ಸನ್ನಿಧಾನದ ಮುಂದೆ ‘ತತ್ತ್ವಮಸಿ’ ಎಂದು ಬರೆದಿರುವುದು ನಿಮಗೆ ಗೊತ್ತು. ಅದು ನೀನೇ ಆಗಿದ್ದೀಯೆ ಎಂದು ಅರ್ಥ. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಈ ಮಾತು 9 ಸಲ ಬರುತ್ತದೆ. ಯಾರಿಗೆ ಹೇಳಿದ್ದು ಎಂಬುದನ್ನು ಮಾತ್ರ ನಾವು ಅಷ್ಟಾಗಿ ಗಮನಿಸುವುದಿಲ್ಲ. ಕೇಳಿದವನು ನಿಮ್ಮ ವಯಸ್ಸಿನವನೇ. ಶ್ವೇತಕೇತು 12ನೆಯ ವಯಸ್ಸಿನಲ್ಲಿ ಗುರುಕುಲಕ್ಕೆ ಹೋಗಿ, ವೇದಗಳನ್ನೆಲ್ಲ ಓದಿ, 24ನೆಯ ವಯಸ್ಸಿನಲ್ಲಿ ಮನೆಗೆ ಬಂದ. ಬರುವಾಗ ಓದಿನ ಜೊತೆ ಬಿಗುಮಾನವನ್ನೂ ತಂದಿದ್ದ. ಅಪ್ಪ ಉದ್ದಾಲಕ ಆರುಣಿಗೆ ಅದು ತಕ್ಷಣ ಕಂಡಿತು.

ಮಹಾವಾಕ್ಯಕ್ಕೆ ಬರುವ ಮೊದಲು ಅಪ್ಪ ಒಂದು ಕೆಲಸ ಮಾಡಿಸುತ್ತಾನೆ. “15 ದಿನ ಊಟ ಬಿಡು, ನೀರು ಬೇಕಾದಷ್ಟು ಕುಡಿ.” ಅದು ಮುಗಿದ ಮೇಲೆ ಮಗನನ್ನು ಕರೆದು ಋಕ್ಕು, ಯಜಸ್ಸು, ಸಾಮಗಳನ್ನು ಹೇಳು ಎನ್ನುತ್ತಾನೆ. ಒಂದೂ ನೆನಪಿಗೆ ಬರುವುದಿಲ್ಲ! ದೊಡ್ಡ ಬೆಂಕಿ ಆರಿ ಮಿಂಚುಹುಳದಷ್ಟು ಕೆಂಡ ಉಳಿದ ಹಾಗೆ ಆಗಿದೆ, ಹೋಗಿ ಊಟ ಮಾಡು ಎಂದು ಅಪ್ಪ ಕಳಿಸುತ್ತಾನೆ. ಉಂಡ ಮೇಲೆ ಎಲ್ಲವೂ ವಾಪಸ್ಸು ಬರುತ್ತದೆ.

ಮನಸ್ಸು ಅನ್ನದಿಂದಾದದ್ದು ಎಂದು ತೋರಿಸಲು ಉಪನಿಷತ್ತು ಇದನ್ನು ಹೇಳುತ್ತದೆ. ನನಗೆ ಇದರಲ್ಲಿ ಇನ್ನೊಂದೂ ಕಾಣುತ್ತದೆ. 12 ವರ್ಷ ‘ಇದೇ ನಾನು’ ಎಂದು ಹೊತ್ತುಕೊಂಡಿದ್ದ ವಿದ್ಯೆ 15 ದಿನಕ್ಕೆ ಮರೆಯಾಯಿತು. ಆದರೂ ‘ಏನೂ ನೆನಪಾಗುತ್ತಿಲ್ಲ’ ಎಂದು ತಿಳಿದು ಹೇಳಿದವನೊಬ್ಬ ಇದ್ದನಲ್ಲ, ಅವನು ಎಲ್ಲೂ ಹೋಗಿರಲಿಲ್ಲ. ಕೆಲಸ ಹೋದಾಗ, ಪರೀಕ್ಷೆ ಕೈಕೊಟ್ಟಾಗ ನಾವು ಇವನನ್ನೇ ಮರೆಯುತ್ತೇವೆ.

41 ದಿನದ ವ್ರತವೂ ಸುಮಾರಾಗಿ ಇದೇ ಕೆಲಸ ಮಾಡುತ್ತದೆ. ಚಪ್ಪಲಿ ಇಲ್ಲ, ಹಾಸಿಗೆ ಇಲ್ಲ, ಹೆಸರೂ ಇಲ್ಲ. ಎರುಮೇಲಿಯ ಪೇಟೆ ತುಳ್ಳಲಿನಲ್ಲಿ ಮುಖಕ್ಕೆ ಬಣ್ಣ ಬಳಿದುಕೊಂಡು ಕುಣಿಯುವಾಗ ಮ್ಯಾನೇಜರ್ ಯಾರು, ಆಟೋ ಓಡಿಸುವವರು ಯಾರು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಕಪ್ಪು ಬಟ್ಟೆ ತಾನಾಗಿ ಯಾರನ್ನೂ ಬದಲಿಸುವುದಿಲ್ಲ, ಇದನ್ನು ಎಷ್ಟೋ ವರ್ಷದಿಂದ ನೋಡಿದ್ದೇನೆ. ಹತ್ತನೆಯ ದಿನದ ಹೊತ್ತಿಗೆ ಹಳೆಯ ಸಿಟ್ಟು ಹೊರಗೆ ಬರುತ್ತದೆ. ಲೋಕಲ್ ಟ್ರೈನಿನ ನೂಕುನುಗ್ಗಲಿನಲ್ಲಿ, ತಣ್ಣಗಾದ ಸಾರಿನ ಮೇಲೆ, ಭಜನೆಯಲ್ಲಿ ಮೈಕ್ ಸಿಗದಿದ್ದಾಗ. ಆಗ ಗಾಬರಿ ಬೇಡ. ರಾತ್ರಿ ಚಾಪೆಯ ಮೇಲೆ ಮಲಗುವ ಮುಂಚೆ ಇವತ್ತು ಎಲ್ಲಿ ಚುಚ್ಚಿತು ಎಂದು ಒಂದೇ ಸಾಲು ಬರೆದಿಡಿ. ಯಾರು ಹೇಳದೆಯೂ ಯಾವ ಕೆಲಸಕ್ಕೆ ಕೈ ಹಾಕಿದಿರಿ ಎಂದೂ ಬರೆಯಿರಿ. ಎರಡನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ.

ಇನ್ನು ‘ನನ್ನ ಜಾಗ’ದ ವಿಚಾರ. ನಮ್ಮಂಥ ಹೊರನಾಡ ಕನ್ನಡಿಗರಿಗೆ ಇದು ಎರಡು ಪಟ್ಟು ಕಷ್ಟ. ಇಲ್ಲಿ ನಾವು ‘ಸೌತ್‌ನವರು’, ಊರಿಗೆ ಹೋದರೆ ‘ಬಾಂಬೆಯವರು’. ಮಣಿಕಂಠನ ಕಥೆ ನೆನೆಸಿಕೊಳ್ಳಿ. ಅರಮನೆಯಲ್ಲಿ ಬೆಳೆದರೂ ರಾಣಿಗೆ ಹೊಟ್ಟೆಯ ಮಗನಲ್ಲ. ಹುಲಿಯ ಹಾಲಿಗೆ ಕಾಡಿಗೆ ಕಳಿಸಿದರು. ಹುಲಿಯನ್ನೇರಿ ಬಂದ ಮೇಲೆ ಪಂದಳದ ಸಿಂಹಾಸನವನ್ನೇ ಕೊಡಲು ರಾಜ ಸಿದ್ಧನಾದ. ಮಣಿಕಂಠ ಒಲ್ಲೆ ಎಂದ. ಬಿಟ್ಟ ಬಾಣ ಬಿದ್ದ ಕಾಡಿನ ಬೆಟ್ಟವೇ ಅವನ ಜಾಗವಾಯಿತು. ಗಮನಿಸಿ, ಮುನಿಸಿಕೊಂಡು ಹೋಗಲಿಲ್ಲ. ಹಾಲು ತಂದುಕೊಟ್ಟು, ತಂದೆಗೆ ಹೇಳಿಯೇ ಹೋದ.

ಈ ಕೊನೆಯ ಮಾತನ್ನು ಆ ಕನ್ನಿಸ್ವಾಮಿಗೆ ಯಾತ್ರೆಯಲ್ಲಿ, ಬೆಟ್ಟ ಹತ್ತುವಾಗ ಹೇಳಿದೆ. ಅವರು ಏನೂ ಅನ್ನಲಿಲ್ಲ, ಇರುಮುಡಿ ಸರಿಮಾಡಿಕೊಂಡು ಶರಣು ಕೂಗುತ್ತಾ ಮುಂದೆ ಹೋದರು. ದರ್ಶನ ಮುಗಿಸಿ ಇಳಿದ ಮೇಲೆ ಪಂಪೆಯ ಹತ್ತಿರ ಗುಂಪಿನಿಂದ ಸ್ವಲ್ಪ ದೂರ ನಿಂತು ಅಪ್ಪನಿಗೆ ಫೋನ್ ಮಾಡುತ್ತಿದ್ದರು. ಬಹಳ ಹೊತ್ತು ಮಾತಾಡಿದರು, ನಾವು ಬಸ್ಸು ನಿಲ್ಲಿಸಿಕೊಂಡು ಕಾದೆವು.

ಅವರಿಗೆ ಈಗ ಬೇರೆ ಕೆಲಸ ಸಿಕ್ಕಿದೆ, ಸಂಬಳ ಮೊದಲಿಗಿಂತ ಕಡಿಮೆಯೇ. ಹೋದ ವರ್ಷ ಯಾರೂ ಹೇಳದೆ ಅಕ್ಕಿ, ಬೇಳೆ, ಎಲೆಯ ಲೆಕ್ಕ ಬರೆದಿಟ್ಟವರೂ ಅವರೇ ಎಂದು ಆಮೇಲೆ ಗೊತ್ತಾಯಿತು. ಈ ಸಲ ಭಿಕ್ಷೆಯ ಜವಾಬ್ದಾರಿ ಅವರದು. ಭಾನುವಾರ ತರಕಾರಿ ಹೆಚ್ಚಲು ಬರುವವರು ಬೆಳಿಗ್ಗೆ ಆರಕ್ಕೆ ಬನ್ನಿ.

ಸ್ವಾಮಿ ಶರಣಂ.