ಬೆಲೆಯಿಳಿದ ಕಾಲದಲ್ಲಿ ಕಾಯಕ

ವ್ಯಾಪಾರವು ಇಳಿಮುಖವಾದಾಗ ಗೃಹಸ್ಥನ ದೃಷ್ಟಿಯು ಮೊದಲು ಆಳಿನ ಕೂಲಿಯ ಮೇಲೂ ಅನಂತರ ತಕ್ಕಡಿಯ ಮೇಲೂ ಬೀಳುವುದುಂಟು. ಕೂಲಿಯನ್ನು ತಗ್ಗಿಸಿ, ಒಳ್ಳೆಯ ಸರಕಿನಲ್ಲಿ ಕೆಟ್ಟುದನ್ನು ಬೆರೆಸಿ ಒಂದು ವರ್ಷವನ್ನು ದಾಟಿಸಬಹುದು. ಮರುವರ್ಷ ಆಳೂ ಬಾರನು, ಗಿರಾಕಿಯೂ ಬಾರನು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗವನ್ನು ಸದ್ಭಕ್ತರೆಲ್ಲರೂ ಬಲ್ಲರು. ಅದನ್ನು ನಿರಾಸೆಯ ದೃಷ್ಟಾಂತವೆಂದು ಹೇಳುವುದು ರೂಢಿ. ಆದರೆ ತನ್ನ ಮನೆಗೆ ಎಷ್ಟು ಬೇಕು, ಎಷ್ಟು ಬಂದಿದೆ ಎಂಬುದನ್ನು ನೋಡಿದೊಡನೆ ಹೇಳಬಲ್ಲ ಗೃಹಿಣಿಯ ಲೆಕ್ಕದ ಎಚ್ಚರವೂ ಅಲ್ಲಿದೆ.

ಈ ಎಚ್ಚರದ ಅಗತ್ಯವನ್ನು ಬೆಳ್ತಂಗಡಿ, ಬಂಟವಾಳ ಸೀಮೆಯ ಅಡಿಕೆ ತೋಟಗಳಲ್ಲಿ ಕಾಣಬಹುದು. 1970ರ ದಶಕದ ಆದಿಯಲ್ಲಿ ಅಡಿಕೆಯ ಬೆಲೆಯು ಕುಸಿದಾಗ, ಒಬ್ಬೊಬ್ಬನಾಗಿ ಮಾರಲು ಹೋದ ಬೆಳೆಗಾರನಿಗೆ ಕೊಳ್ಳುವವನು ಹೇಳಿದ್ದೇ ಬೆಲೆಯಾಯಿತು. 1973ರಲ್ಲಿ ಕರ್ನಾಟಕ ಕೇರಳಗಳ ಬೆಳೆಗಾರರು ಕೂಡಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆಯನ್ನು ಕಟ್ಟಿದರು. ವಾರಣಾಶಿ ಸುಬ್ರಾಯ ಭಟ್ಟರು ಅದರ ಸ್ಥಾಪಕ ಅಧ್ಯಕ್ಷರು. ಮುಂದೆ ಅಡಿಕೆಯ ನೆರಳಿನಲ್ಲಿ ಬೆಳೆದ ಕೊಕ್ಕೊಗೂ ಅದೇ ಗತಿ ಬಂದಿತು. ಕೊಕ್ಕೊವಿನ ಹಸಿಬೀಜವನ್ನು ಮನೆಯಲ್ಲಿಟ್ಟುಕೊಂಡು ಬೆಲೆಗಾಗಿ ಕಾಯುವಂತಿಲ್ಲ. ಸಂಸ್ಥೆಯು ಅದರ ಖರೀದಿಗೂ ಕೈಹಾಕಿ, 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ತೆರೆಯಿತು. ಹಸಿಬೀಜವನ್ನು ಹೇಗಾದರೂ ಸಾಗಹಾಕಬೇಕಾದ ದೈನ್ಯವು ಇದರಿಂದ ಬಹುಮಟ್ಟಿಗೆ ಕಡಿಮೆಯಾಯಿತು.

ಸಂಸ್ಥೆಯಿದ್ದ ಮಾತ್ರಕ್ಕೆ ಮನೆಯ ಕೆಲಸವು ತಪ್ಪುವುದಿಲ್ಲ. ಅಡಿಕೆಯನ್ನು ಅಂಗಳದಲ್ಲಿ ಸುಮಾರು ನಲವತ್ತು ದಿನ ಚೆನ್ನಾಗಿ ಒಣಗಿಸಿ ಸುಲಿದ ಮೇಲೆ, ಒಳ್ಳೆಯ ಚಾಲಿಯನ್ನು ಬೇರೆ, ಪಟೋರವನ್ನು ಬೇರೆ, ಕರಿಗೋಟನ್ನು ಬೇರೆ ಮಾಡತಕ್ಕದ್ದು. ಬೆರಕೆಯ ಚೀಲವನ್ನು ಬಿಚ್ಚಿದವನು ಇಡೀ ಚೀಲಕ್ಕೆ ಕೆಳದರ್ಜೆಯ ಬೆಲೆಯನ್ನೇ ಕಟ್ಟುವನು.

ಬೆಲೆಯಿಲ್ಲದ ವರ್ಷ ಮದ್ದು ಬಿಡುವ ಖರ್ಚನ್ನು ಉಳಿಸುವವರೂ ಉಂಟು. (ಅದೇ ವರ್ಷ ಮದುವೆಯ ಚಪ್ಪರದ ಖರ್ಚನ್ನು ಉಳಿಸಿದವರನ್ನು ಕಾಣುವುದು ವಿರಳ.) ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಈ ದ್ರಾವಣವನ್ನು ಮಳೆಗಾಲದ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನಗಳ ಅನಂತರ ಮತ್ತೊಮ್ಮೆ ಸಿಂಪಡಿಸದಿದ್ದರೆ ಕೊಳೆರೋಗವು ಎಳೆಗಾಯಿಗಳನ್ನು ಉದುರಿಸುವುದು. ಕಡಿಮೆ ಬೆಲೆಗೆ ಮಾರಲೂ ಆಗ ಫಸಲಿರದು. ಉಳಿಸತಕ್ಕದ್ದು ಸಾಲದ ಬಡ್ಡಿಯಲ್ಲಿ, ವ್ಯರ್ಥ ಓಡಾಟದಲ್ಲಿ, ಮನೆಗೊಂದರಂತೆ ಕೊಂಡು ಮೂಲೆಗಿಟ್ಟ ಯಂತ್ರಗಳಲ್ಲಿ. ನೆಲದಲ್ಲಿಯೇ ನಿಂತು ಕೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಯು ಈಗ ಬಂದಿದೆ. ನಾಲ್ಕು ಮನೆಯವರು ಕೂಡಿ ಒಂದನ್ನು ಕೊಂಡರೂ ಸರದಿಯಂತೆ ಕೆಲಸ ಸಾಗುವುದು.

ಕೂಲಿಯನ್ನು ಹಿಡಿದಿಟ್ಟು ಮಾಡಿದುದು ದಾಸೋಹವೆನಿಸದು. ಮರವೇರುವವನ ಸಂಬಳವನ್ನು ಕೊಟ್ಟ ಮೇಲೆ ಉಳಿದುದನ್ನೇ ದಾಸೋಹದ ಲೆಕ್ಕಕ್ಕೆ ಬರೆಯಬೇಕು. ಬೆಲೆಯಿಳಿದ ವರ್ಷದಲ್ಲಿ ಆ ಬಾಬಿನಲ್ಲಿ ಮೊತ್ತವು ಚಿಕ್ಕದಾಗಿಯೇ ಇರುವುದು. ಅದನ್ನು ಚಿಕ್ಕದಾಗಿಯೇ ಬರೆಯಲು ನಾಚಬೇಕಾಗಿಲ್ಲ.