ಗನ್ ಲೈಸೆನ್ಸ್ ಅರ್ಜಿ: ಮರೆತ ಮುಚ್ಚಳಿಕೆಯೇ ಮುಳುವು

ಗನ್ ಲೈಸೆನ್ಸಿಗೆ ಅರ್ಜಿ ಹಾಕಿದವರು ವಕೀಲರ ಹತ್ತಿರ ಬರುವುದು ಅರ್ಜಿ ವಜಾ ಆದ ಮೇಲೆ. ನಂದಗುಡಿ ಕಡೆಯಿಂದ ಹಾಗೆ ಬಂದವರ ಕಡತ ಬಿಡಿಸಿದರೆ ಹೆಚ್ಚಾಗಿ ಕಾಣುವುದು ಒಂದೇ: ಫಾರಂ ತುಂಬಿದ್ದು ಏಜೆಂಟು, ಸಹಿ ಹಾಕಿದ್ದು ರೈತ. ಒಳಗೆ ಏನು ಬರೆದಿದೆ ಎಂಬುದು ಸಹಿ ಹಾಕಿದವರಿಗೇ ಗೊತ್ತಿಲ್ಲ. ಕಚೇರಿಯ ಮೆಟ್ಟಿಲು ಹತ್ತಲು ಜನ ಹೆದರುತ್ತಾರೆ, ಆ ಹೆದರಿಕೆಯ ಮೇಲೆ ಏಜೆಂಟರ ಸಂಪಾದನೆ ನಡೆಯುತ್ತದೆ.

ನಂದಗುಡಿಯಲ್ಲಿ ವಾಸವಿರುವವರಿಗೆ ಪರವಾನಗಿ ಕೊಡುವವರು ಬೆಂಗಳೂರು ಗ್ರಾಮಾಂತರ ಜಿಲ್ಲಾಧಿಕಾರಿ. ಕಚೇರಿ ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದ ಜಿಲ್ಲಾಡಳಿತ ಭವನದಲ್ಲಿದೆ. ಬೆಂಗಳೂರು ನಗರದಲ್ಲಿ ವಾಸವಿದ್ದರೆ ಪೊಲೀಸ್ ಕಮಿಷನರ್. ಈ ವ್ಯತ್ಯಾಸ ಡ್ರೈವಿಂಗ್ ಲೈಸೆನ್ಸ್, ಅಂದರೆ ಡಿಎಲ್‌ನಲ್ಲಿ ತೊಡಕಾಗುತ್ತದೆ. ಹುಡುಗನಾಗಿದ್ದಾಗ ನಗರದ ಬಾಡಿಗೆ ರೂಮಿನ ವಿಳಾಸ ಕೊಟ್ಟು ಡಿಎಲ್ ಮಾಡಿಸಿ, ಈಗ ಊರಿನ ವಿಳಾಸದಲ್ಲಿ ಅರ್ಜಿ ಹಾಕಿದರೆ ‘ನೀನು ನಿಜಕ್ಕೂ ಎಲ್ಲಿರುವುದು’ ಎಂಬ ಪ್ರಶ್ನೆ ಏಳುತ್ತದೆ. ಹೆಸರಿನದ್ದೂ ಇದೇ ಪಾಡು. ಆಧಾರ್‌ನಲ್ಲಿ ಮುನಿರಾಜು ಎನ್., ಡಿಎಲ್‌ನಲ್ಲಿ ಮುನಿರಾಜ, ಪಹಣಿಯಲ್ಲಿ ನಾರಾಯಣಪ್ಪನ ಮಗ ಮುನಿರಾಜಪ್ಪ ಎಂದಿದ್ದರೆ ಪೊಲೀಸ್ ವರದಿಯಲ್ಲಿ ಅದೊಂದು ಷರಾ ಆಗಿ ಕೂರುತ್ತದೆ. ಗುರುತಿಗೆ ಮೊದಲು ಕೇಳುವುದು ಆಧಾರ್, ‘ಡಿಎಲ್ ಇದ್ದರೆ ಸಾಕು’ ಎಂಬ ಏಜೆಂಟನ ಮಾತು ನಂಬಬೇಡಿ. ಡಿಎಲ್‌ನ ವಿಳಾಸವನ್ನು ಸಾರಥಿ ಪೋರ್ಟಲ್‌ನಲ್ಲಿ ಮೊದಲೇ ಬದಲಿಸಿಕೊಳ್ಳಿ.

ಕನಿಷ್ಠ 21 ವರ್ಷ ತುಂಬಿರಬೇಕು. 2016ರ ಆಯುಧ ನಿಯಮಗಳ ಪ್ರಕಾರ ಬಂದೂಕು ಬಳಕೆಯ ತರಬೇತಿ ಪತ್ರ, ವೈದ್ಯಕೀಯ ಪ್ರಮಾಣಪತ್ರವೂ ಬೇಕು. ಪಿಸ್ತೂಲು, ರಿವಾಲ್ವರ್ ಕೇಳುವವರು ಪ್ರಾಣಬೆದರಿಕೆ ಇದೆ ಎಂದಷ್ಟೇ ಬರೆದರೆ ನಿಲ್ಲುವುದಿಲ್ಲ. ಠಾಣೆಗೆ ಕೊಟ್ಟ ದೂರು, ಅದರ ಹಿಂಬರಹ ಜೊತೆಗಿರಲಿ. ‘ಆಸ್ತಿ ಎಷ್ಟಿದೆ?’ ಎಂದು ಗುಮಾಸ್ತರು ದಬಾಯಿಸಿದರೆ ತಲೆ ತಗ್ಗಿಸಬೇಡಿ. ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸಬಾರದೆಂದು 1959ರ ಆಯುಧ ಕಾಯ್ದೆಯ 14ನೇ ಕಲಮೇ ಹೇಳುತ್ತದೆ.

ಈಗ ಮುಖ್ಯ ವಿಷಯ. ಹಿಂದೆ ಶಿಕ್ಷೆಯಾಗಿದೆಯೇ, ಶಾಂತಿಪಾಲನೆಗೆ ಮುಚ್ಚಳಿಕೆ ಬರೆದುಕೊಡಲು ಆದೇಶವಾಗಿತ್ತೇ, ಮೊದಲು ಅರ್ಜಿ ಹಾಕಿ ತಿರಸ್ಕಾರವಾಗಿದೆಯೇ ಎಂದು ಫಾರಂ ಕೇಳುತ್ತದೆ. ಏಜೆಂಟ್ ಕಣ್ಣು ಮುಚ್ಚಿ ಎಲ್ಲದಕ್ಕೂ ‘ಇಲ್ಲ’ ಎಂದು ಬರೆಯುತ್ತಾನೆ. ಆದರೆ ಪಂಚಾಯಿತಿ ಚುನಾವಣೆಯ ಸಮಯದಲ್ಲೋ, ಬದುವಿನ ಜಗಳದಲ್ಲೋ ಪೊಲೀಸರು ಸಿಆರ್‌ಪಿಸಿಯ 107ನೇ ಕಲಂ ಹಾಕಿ ತಹಶೀಲ್ದಾರರ ಮುಂದೆ ನಿಲ್ಲಿಸಿ ಸಹಿ ಹಾಕಿಸಿದ್ದು ನಿಮಗೆ ಮರೆತಿರಬಹುದು. ಠಾಣೆಯ ದಾಖಲೆಗೆ ಮರೆತಿರುವುದಿಲ್ಲ. ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಂ. ಮುಚ್ಚಳಿಕೆಯ ಅವಧಿ ನಡೆಯುತ್ತಿರುವಾಗ ಬಂದೂಕು ಇಟ್ಟುಕೊಳ್ಳುವಂತೆಯೇ ಇಲ್ಲ. ಅವಧಿ ಮುಗಿದಿದ್ದರೆ ಆ ಕಾರಣದ ಅನರ್ಹತೆ ಮುಗಿಯಿತು, ಅಂದರೆ ನಿಜ ಬರೆದಿದ್ದರೆ ದಾರಿ ತೆರೆದೇ ಇರುತ್ತಿತ್ತು. ಮುಚ್ಚಿಟ್ಟರೆ ಅರ್ಜಿ ಹೋಗುತ್ತದೆ. ಒಂದು ವೇಳೆ ಲೈಸೆನ್ಸ್ ಸಿಕ್ಕಿದ್ದರೂ ಮಾಹಿತಿ ಮರೆಮಾಚಿದ್ದಕ್ಕೆ ಆಯುಧ ಕಾಯ್ದೆಯ 17ನೇ ಕಲಮಿನಡಿ ಯಾವಾಗ ಬೇಕಾದರೂ ರದ್ದಾಗಬಹುದು. ಜನ ಕಳೆದುಕೊಳ್ಳುವುದು ಇಲ್ಲೇ.

ಇದರಲ್ಲೂ ಒಂದು ಸೂಕ್ಷ್ಮವಿದೆ. ನೋಟಿಸ್ ಬಂದು ಪ್ರಕರಣ ಹಾಗೇ ಬಿದ್ದುಹೋಗಿದ್ದರೆ ಅದು ಮುಚ್ಚಳಿಕೆಗೆ ಆದೇಶವಾದಂತಲ್ಲ. ತಹಶೀಲ್ದಾರರ ಕಚೇರಿಯಿಂದ ಆದೇಶದ ದೃಢೀಕೃತ ನಕಲು ಪಡೆದು, ಅದರಲ್ಲಿ ಏನಿದೆಯೋ ಅದನ್ನೇ ಬರೆಯಿರಿ.

ಠಾಣೆಯ ವರದಿಗೆ 30 ದಿನ, ವರದಿ ಬಂದ ಮೇಲೆ ಆದೇಶಕ್ಕೆ 60 ದಿನ ಎಂದು ನಿಯಮವಿದೆ. ತಿಂಗಳುಗಟ್ಟಲೆ ‘ಫೈಲ್ ಮೂವ್ ಆಗಿಲ್ಲ’ ಎನ್ನುವವರಿಗೆ ಈ ನಿಯಮ ತೋರಿಸಿ ಲಿಖಿತವಾಗಿ ಕೇಳಿ. ವರದಿ ಬರದಿದ್ದರೂ ಜಿಲ್ಲಾಧಿಕಾರಿ ತೀರ್ಮಾನ ಕೊಡಬಹುದು, ಕೊಡಲೇಬೇಕೆಂದಿಲ್ಲ. ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳುವ ಹಕ್ಕಿದೆ. ಸಾರ್ವಜನಿಕ ಹಿತದ ದೃಷ್ಟಿಯಿಂದ ಕಾರಣ ತಿಳಿಸದಿರಲೂ ಅವರಿಗೆ ಅವಕಾಶವಿದೆ. ಮೇಲ್ಮನವಿಗೆ 30 ದಿನ ಮಾತ್ರ. ‘ಸಾಹೇಬರ ಹತ್ತಿರ ಮಾತಾಡಿದ್ದೀನಿ’ ಎಂದು ಏಜೆಂಟ್ ಆ ದಿನಗಳನ್ನು ತಿಂದುಹಾಕುತ್ತಾನೆ.

ಲೈಸೆನ್ಸ್ ಸಿಕ್ಕ ಮೇಲೂ ಎಚ್ಚರ ಬೇಕು. 2019ರ ತಿದ್ದುಪಡಿಯ ನಂತರ ಅವಧಿ 5 ವರ್ಷ, ಒಬ್ಬರಿಗೆ ಹೆಚ್ಚೆಂದರೆ 2 ಬಂದೂಕು. ಮದುವೆ, ಜಾತ್ರೆಯಲ್ಲಿ ಸಂಭ್ರಮಕ್ಕೆ ಹಾರಿಸಿ ಬೇರೆಯವರನ್ನು ಅಪಾಯಕ್ಕೆ ಒಡ್ಡಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೆಳೆ ರಕ್ಷಣೆಯ ಲೈಸೆನ್ಸ್ ನವಿಲನ್ನೋ ಕಾಡುಹಂದಿಯನ್ನೋ ಹೊಡೆಯಲು ಕೊಟ್ಟ ಅನುಮತಿಯಲ್ಲ. ತಂದೆ ತೀರಿಕೊಂಡ ಮೇಲೆ ಅವರ ಬಂದೂಕನ್ನು ಅಟ್ಟದ ಮೇಲೆ ಇಡಬೇಡಿ, ಠಾಣೆಯಲ್ಲೋ ಪರವಾನಗಿ ಇರುವ ಅಂಗಡಿಯಲ್ಲೋ ಠೇವಣಿ ಇಟ್ಟು ನಿಮ್ಮ ಹೆಸರಿಗೆ ಅರ್ಜಿ ಹಾಕಿ. ಪರವಾನಗಿ ಇಲ್ಲದೆ ಇಟ್ಟುಕೊಂಡರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸಜೆ.

ಖಾಲಿ ಫಾರಂಗೆ ಈಗಾಗಲೇ ಸಹಿ ಹಾಕಿ ಕೊಟ್ಟಿದ್ದೀರಾ? 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ನಿಮ್ಮ ಅರ್ಜಿಯ ನಕಲನ್ನೇ ಕೇಳಿ. ತಪ್ಪು ಕಂಡರೆ ಜಿಲ್ಲಾಧಿಕಾರಿಗೆ ತಿದ್ದುಪಡಿ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಆದೇಶ ಬರುವವರೆಗೆ ಕಾಯಬೇಡಿ.