ಡಿಎಚ್‌ಎಲ್ ಬೆಳೆದ ಬಗೆ

ಕೊರಿಯರ್ ಕಂಪನಿ ಡಿಎಚ್‌ಎಲ್ ಬೆಳೆದದ್ದು ವಿಮಾನಗಳ ಬಲದಿಂದ ಎನ್ನುವುದು ಅರ್ಧ ಸತ್ಯ. 1969ರಲ್ಲಿ ಡಾಲ್ಸಿ, ಹಿಲ್‌ಬ್ಲಾಮ್, ಲಿನ್ ಎಂಬ ಮೂವರು ಸ್ಥಾಪಕರು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊನೊಲುಲುವಿಗೆ ವಿಮಾನದಲ್ಲಿ ಒಯ್ಯಲು ಶುರುಮಾಡಿದ್ದು ಹಡಗು ಸರಕಿನ ಕಾಗದಪತ್ರಗಳನ್ನು. ಹಡಗು ನಡುಗಡಲಲ್ಲಿರುವಾಗಲೇ ಕಸ್ಟಮ್ಸ್ ಕೆಲಸ ಆರಂಭವಾಗುತ್ತಿತ್ತು. ಬಂದರಿನಲ್ಲಿ ಕಾಯುವ ಖರ್ಚು ಉಳಿಯುತ್ತಿತ್ತು. ಗ್ರಾಹಕ ಹಣ ಕೊಟ್ಟದ್ದು ಈ ಉಳಿತಾಯಕ್ಕೆ. 1973ರಲ್ಲಿ ಮೆಂಫಿಸ್‌ನಿಂದ 14 ವಿಮಾನಗಳೊಂದಿಗೆ ಹೊರಟ ಇನ್ನೊಂದು ಕೊರಿಯರ್ ಕಂಪನಿ ಫೆಡೆಕ್ಸ್ ಈ ವಾದಕ್ಕೆ ಎದುರು ಸಾಕ್ಷಿಯಲ್ಲವೇ ಎನ್ನಬಹುದು. ಆದರೆ ಅದು ಮೊದಲು ಹಾರಿದ್ದು ಅಮೆರಿಕದೊಳಗೆ. ಅಲ್ಲಿ ದಾಟಬೇಕಾದ ಸುಂಕದ ಗಡಿಯೇ ಇರಲಿಲ್ಲ.

ಹಾಗಂತ ವಿಮಾನ ಬೇಡವೆಂದಲ್ಲ. 2002ರಲ್ಲಿ ಜರ್ಮನಿಯ ಡಾಯ್ಚ ಪೋಸ್ಟ್‌ನ ಪೂರ್ಣ ಒಡೆತನಕ್ಕೆ ಬಂದ ಡಿಎಚ್‌ಎಲ್, 2008ರಲ್ಲಿ ಲೈಪ್‌ಜಿಗ್‌ನಲ್ಲಿ ದೊಡ್ಡ ಹಬ್ ತೆರೆಯಿತು. ರಾತ್ರಿ ಇಳಿದ ಪಾರ್ಸೆಲ್‌ಗಳು ಅಲ್ಲಿ ವಿಂಗಡಣೆಯಾಗಿ ನಸುಕಿಗೆ ಮತ್ತೆ ಹಾರುತ್ತವೆ.